ರೆಪ್ಪೆಯಂಚಿನ 2 ಮಿಲಿಮೀಟರ್: ಕಾಡಿಗೆ, ಐಲೈನರ್, ಮಸ್ಕರಾ ಹಚ್ಚುವವರಿಗೆ

ಬೆಳಕಿರುವ ಕಿಟಕಿಯ ಹತ್ತಿರ ಕನ್ನಡಿ ಹಿಡಿದು ನಿಂತು, ತೊಳೆದ ಬೆರಳಿನಿಂದ ಕೆಳರೆಪ್ಪೆಯನ್ನು ತುಸು ಕೆಳಕ್ಕೆ ಎಳೆದು ನೋಡಿ. ಕೂದಲು ಹುಟ್ಟುವ ಸಾಲಿಗೂ ಒಳಗಿನ ಕೆಂಪು ಪೊರೆಗೂ ನಡುವೆ ಗದ್ದೆಯ ಬದುವಿನಂಥ ಸಣ್ಣದೊಂದು ಅಂಚು ಕಾಣುತ್ತದೆ. ಅಗಲ ಹೆಚ್ಚೆಂದರೆ 2 ಮಿಲಿಮೀಟರ್. ಇನ್ನೂ ಹತ್ತಿರದಿಂದ ನೋಡಿದರೆ ಅದರ ಮೇಲೆ ಸೂಜಿಮೊನೆಯಷ್ಟು ಸಣ್ಣ ಚುಕ್ಕಿಗಳ ಸಾಲೊಂದಿದೆ. ಅವು ಎಣ್ಣೆ ಗ್ರಂಥಿಗಳ ಬಾಯಿಗಳು. ಮೇಲ್ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳರೆಪ್ಪೆಯಲ್ಲಿ 20ರಿಂದ 30. ವೈದ್ಯರು ಇವನ್ನು ಮೈಬೋಮಿಯನ್ ಗ್ರಂಥಿಗಳೆನ್ನುತ್ತಾರೆ. ಕಣ್ಣು ಮಿಟುಕಿಸಿದಾಗಲೆಲ್ಲ ಇವುಗಳಿಂದ ಒಂದಿಷ್ಟು ಎಣ್ಣೆ ಜಿನುಗಿ ಕಣ್ಣೀರಿನ ಮೇಲೆ ತೆಳುವಾಗಿ ಹರಡಿಕೊಳ್ಳುತ್ತದೆ. ಆ ಪದರ ಇಲ್ಲದಿದ್ದರೆ ಕಣ್ಣೀರು ಬೇಗ ಆರಿಹೋಗಿ ಕಣ್ಣು ಉರಿಯುತ್ತದೆ.

ಕಾಡಿಗೆಯನ್ನು ಕಣ್ಣೊಳಗೆ ಎಳೆದಾಗ ಅದು ಕೂರುವುದು ಸರಿಯಾಗಿ ಆ ಬಾಯಿಗಳ ಮೇಲೆ. ಮೇಣ, ಎಣ್ಣೆ, ಕಪ್ಪು ಪುಡಿ ಸೇರಿ ಬಾಯಿ ಮುಚ್ಚಿಕೊಳ್ಳುತ್ತದೆ. ಒಳಗಿನ ಎಣ್ಣೆ ಹೊರಬರಲಾಗದೆ ಗಟ್ಟಿಯಾಗುತ್ತದೆ. ರೆಪ್ಪೆಯ ಚರ್ಮದ ಮೇಲೆ ಸದಾ ಇರುವ ಸ್ಟೆಫೈಲೋಕಾಕಸ್ ಬ್ಯಾಕ್ಟೀರಿಯಾಕ್ಕೆ ನಿಂತ ಎಣ್ಣೆ ಸಿಕ್ಕರೆ ಇನ್ನೇನು ಬೇಕು? ಕೂದಲ ಬುಡದಲ್ಲಿ ಕೀವು ತುಂಬಿ ನೋಯುವ ಕುರು ಏಳುತ್ತದೆ. ಅಥವಾ ರೆಪ್ಪೆಯೊಳಗೆ ನೋವಿಲ್ಲದ ಗಟ್ಟಿ ಗಂಟು ಕಟ್ಟುತ್ತದೆ, ಅದಕ್ಕೆ ಕೆಲೇಜಿಯನ್ ಎನ್ನುತ್ತಾರೆ. ಅಂಚಿಗೆ ಅಂಚೇ ಕೆಂಪಾಗಿ, ಕೂದಲ ಬುಡದಲ್ಲಿ ಹೊಟ್ಟು ಕೂತು, ಬೆಳಿಗ್ಗೆ ಪಿಸುರಿನಿಂದ ರೆಪ್ಪೆ ಅಂಟಿಕೊಳ್ಳುತ್ತಿದ್ದರೆ ಅದು ಬ್ಲೆಫರೈಟಿಸ್, ಅಂದರೆ ರೆಪ್ಪೆಯಂಚಿನ ಉರಿಯೂತ.

ಹಾಗಾಗಿ ಯಾವ ಬ್ರ್ಯಾಂಡು ಒಳ್ಳೆಯದು ಎಂಬ ಪ್ರಶ್ನೆಗಿಂತ ಆ 2 ಮಿಲಿಮೀಟರ್ ಜಾಗವನ್ನು ಹೇಗೆ ಖಾಲಿ ಇಡುವುದು ಎಂಬುದೇ ಮುಖ್ಯ. ಕೆಳಗಿನ ಕ್ರಮವೆಲ್ಲ ಅದಕ್ಕಾಗಿಯೇ.

ಮೊದಲು ಡಬ್ಬಿ ಖಾಲಿ ಮಾಡಿ

ಮೇಕಪ್ ಬ್ಯಾಗನ್ನು ಹಳೆಯ ಪೇಪರಿನ ಮೇಲೆ ಸುರಿಯಿರಿ. ಕಣ್ಣಿಗೆ ಹಚ್ಚುವಂಥದ್ದನ್ನೆಲ್ಲ ಒಂದು ಕಡೆ ಇಟ್ಟು, ಯಾವಾಗ ತೆರೆದದ್ದು ಎಂದು ನೆನಪಾಗದ್ದನ್ನು ಹಾಗೆಯೇ ಕಸದ ಬುಟ್ಟಿಗೆ ಹಾಕಿ. ದುಡ್ಡು ಕೊಟ್ಟದ್ದು ಎಂಬ ಸಂಕಟ ಸಹಜ. ಆದರೆ ಒಂದು ಸಲ ಕುರು ಎದ್ದರೆ ಔಷಧಕ್ಕೂ ಓಡಾಟಕ್ಕೂ ಆಗುವ ಖರ್ಚು ಅದಕ್ಕಿಂತ ಹೆಚ್ಚು.

ಉಳಿದವುಗಳಲ್ಲಿ ಮಸ್ಕರಾದ ಆಯಸ್ಸು ಎಲ್ಲಕ್ಕಿಂತ ಕಡಿಮೆ, ತೆರೆದ ದಿನದಿಂದ 3 ತಿಂಗಳು. ಅದು ನೀರಿನಂಶವಿರುವ ಕತ್ತಲ ಕೊಳವೆ. ಬ್ರಷ್ ಪ್ರತಿದಿನ ರೆಪ್ಪೆಗೂದಲು ಮುಟ್ಟಿ, ಅಲ್ಲಿನ ಬ್ಯಾಕ್ಟೀರಿಯಾ ಹೊತ್ತು ಮರಳಿ ಒಳಗೆ ಹೋಗುತ್ತದೆ. ಕೆಡದಂತೆ ಹಾಕಿರುವ ಸಂರಕ್ಷಕಗಳು ಸ್ವಲ್ಪ ಕಾಲ ತಡೆದುಕೊಳ್ಳುತ್ತವೆ, ಆಮೇಲೆ ಸೋಲುತ್ತವೆ. ಬ್ರಷ್ಷನ್ನು ಕೊಳವೆಯೊಳಗೆ ಮೇಲೆ ಕೆಳಗೆ ಪಂಪ್ ಹೊಡೆದಂತೆ ಆಡಿಸಿದರೆ ಗಾಳಿ ನುಗ್ಗಿ ಇನ್ನೂ ಬೇಗ ಒಣಗುತ್ತದೆ, ಒಂದು ಸುತ್ತು ತಿರುಗಿಸಿ ತೆಗೆದರೆ ಸಾಕು. ಒಣಗಿದ ಮಸ್ಕರಾಗೆ ನೀರೋ ಎಂಜಲೋ ಹಾಕಿ ತೆಳು ಮಾಡುವ ಅಭ್ಯಾಸವಂತೂ ಬೇಡವೇ ಬೇಡ. ಬಾಯಿಯಲ್ಲಿರುವ ಬ್ಯಾಕ್ಟೀರಿಯಾಕ್ಕೆ ಕಣ್ಣಲ್ಲಿ ಕೆಲಸವಿಲ್ಲ.

ಲಿಕ್ವಿಡ್ ಮತ್ತು ಜೆಲ್ ಐಲೈನರ್‌ಗೆ 3ರಿಂದ 6 ತಿಂಗಳು. ಮರದ ಕಾಡಿಗೆ ಪೆನ್ಸಿಲ್ ಒಂದು ವರ್ಷ ತಡೆಯುತ್ತದೆ, ಏಕೆಂದರೆ ಮೆಂಡರ್‌ನಲ್ಲಿ ಹೆರೆದಾಗಲೆಲ್ಲ ಹೊಸ ತುದಿ ಬರುತ್ತದೆ. ತಿರುಗಿಸಿ ಮೇಲೆ ತರುವ ಪ್ಲಾಸ್ಟಿಕ್ ಕಾಡಿಗೆಗೆ ಆ ಸೌಕರ್ಯವಿಲ್ಲ, ಅದನ್ನು 6 ತಿಂಗಳಿಗೆ ಮುಗಿಸುವುದು ಜಾಣತನ. ಒಣ ಪುಡಿಯ ಐಶ್ಯಾಡೋದಲ್ಲಿ ನೀರಿಲ್ಲ, ಆದ್ದರಿಂದ ಒಂದೆರಡು ವರ್ಷ ಇರುತ್ತದೆ. ಆದರೆ ಒದ್ದೆ ಬ್ರಷ್ ಅದ್ದಿದ ದಿನವೇ ಆ ಲೆಕ್ಕ ಮುರಿಯಿತು.

ಡಬ್ಬಿಯ ಹಿಂದೆ ಮುಚ್ಚಳ ತೆರೆದ ಭರಣಿಯ ಚಿತ್ರ, ಅದರೊಳಗೆ 6 ಅಥವಾ 12 ಎಂಬ ಅಂಕಿ ಇರುತ್ತದೆ. ತೆರೆದ ಮೇಲೆ ಇಷ್ಟು ತಿಂಗಳು ಎಂದು ಅರ್ಥ. ಪ್ಯಾಕೆಟ್ ಒಡೆದ ದಿನವೇ ಪರ್ಮನೆಂಟ್ ಮಾರ್ಕರ್‌ನಲ್ಲಿ ತಾರೀಕು ಬರೆದು ಅದರ ಮೇಲೆ ಸೆಲ್ಲೋಟೇಪ್ ಅಂಟಿಸಿ, ಇಲ್ಲದಿದ್ದರೆ ಎಣ್ಣೆ ಕೈಗೆ ಅಳಿಸಿಹೋಗುತ್ತದೆ.

ಇಡುವ ಜಾಗವೂ ಮುಖ್ಯ. ಏಪ್ರಿಲ್‌ನಲ್ಲಿ ಮಂಡ್ಯದ ಬಿಸಿಲಿಗೆ ನಿಲ್ಲಿಸಿದ ಸ್ಕೂಟರಿನ ಸೀಟಿನಡಿ ಡಬ್ಬಿಯಲ್ಲಿ ಕಾಡಿಗೆ ಇಟ್ಟರೆ ಅದು ಕರಗಿ, ಬೆವೆತು, ಸಂಜೆಗೆ ಮತ್ತೆ ಗಟ್ಟಿಯಾಗುತ್ತದೆ. ಎರಡು ಮೂರು ಸಲ ಹೀಗಾದರೆ ಎಣ್ಣೆ, ಮೇಣ ಬೇರೆ ಬೇರೆಯಾಗುತ್ತವೆ, ಸಂರಕ್ಷಕವೂ ಕೆಲಸ ಮಾಡುವುದಿಲ್ಲ. ಬಚ್ಚಲುಮನೆಯ ಕಿಟಕಿಯೂ ಬೇಡ, ಅಲ್ಲಿ ತೇವ. ಬೀರುವಿನ ಒಣ ಖಾನೆ ಸಾಕು.

ಕೊಳ್ಳುವಾಗ ಏನು ನೋಡಬೇಕು

2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಪ್ಯಾಕೆಟ್ ಮೇಲೆ ತಯಾರಕರ ಹೆಸರು ವಿಳಾಸ, ಬ್ಯಾಚ್ ನಂಬರ್, ತಯಾರಿಕಾ ಪರವಾನಗಿ ಸಂಖ್ಯೆ, ಬಳಸಬೇಕಾದ ಕೊನೆಯ ತಾರೀಕು ಇರಲೇಬೇಕು. ಆಮದಾದ ಸರಕಿಗೆ ಆಮದು ನೋಂದಣಿ ಸಂಖ್ಯೆ ಇರಬೇಕು. ಜಾತ್ರೆಯಲ್ಲಿ ಬಳೆ, ಟೇಪಿನ ಜೊತೆ ಮಾರುವ ತಗಡಿನ ಕಾಡಿಗೆ ಡಬ್ಬಿಯಲ್ಲಿ ಇದ್ಯಾವುದೂ ಇಲ್ಲದಿದ್ದರೆ ಅದು ಕಣ್ಣಿಗಲ್ಲ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಗೋಪುರದಂತೆ ಪೇರಿಸಿಟ್ಟ ಬಣ್ಣದ ಕುಂಕುಮ ನೋಡಲು ಚೆಂದ. ಅದನ್ನು ಐಶ್ಯಾಡೋ ಮಾಡಿಕೊಳ್ಳುವುದು ಮಾತ್ರ ತಪ್ಪು. ರೆಪ್ಪೆಯ ಚರ್ಮ ಮೈಯಲ್ಲೇ ಅತಿ ತೆಳುವಾದದ್ದು, ಹಣೆ ತಡೆದುಕೊಂಡದ್ದನ್ನೆಲ್ಲ ಅದು ತಡೆಯುವುದಿಲ್ಲ.

ಸುರ್ಮಾ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಸಾಂಪ್ರದಾಯಿಕ ಸುರ್ಮಾ ಎಂದರೆ ಹಲವು ಸಲ ಗೆಲೀನಾ ಕಲ್ಲಿನ ಪುಡಿ, ಅಂದರೆ ಸೀಸದ ಸಲ್ಫೈಡ್. ಕಣ್ಣುಜ್ಜಿದ ಕೈ ಬಾಯಿಗೆ ಹೋಗುವ ಮಕ್ಕಳಲ್ಲಿ ಸೀಸ ರಕ್ತ ಸೇರಿ ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಇದಕ್ಕೆ ಸುರಕ್ಷಿತ ಪ್ರಮಾಣ ಎಂಬುದಿಲ್ಲ.

ಹಸುಗೂಸಿನ ಕಣ್ಣಿಗಂತೂ ಯಾವ ಕಪ್ಪೂ ಬೇಡ. ಕಾಡಿಗೆ ಇಟ್ಟರೆ ಕಣ್ಣು ದೊಡ್ಡದಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಕಣ್ಣೀರು ಮೂಗಿಗೆ ಇಳಿಯುವ ನಾಳ ಕೂಸಿಗೆ ತೀರಾ ಸಣ್ಣದು, ಕೆಲವು ಮಕ್ಕಳಲ್ಲಿ ಹುಟ್ಟುವಾಗ ಪೂರ್ತಿ ತೆರೆದೂ ಇರುವುದಿಲ್ಲ. ದೃಷ್ಟಿಗೆಂದೇ ಇಡಬೇಕೆಂದು ಅಜ್ಜಿ ಹಠ ಹಿಡಿದರೆ ಅಂಗಾಲಿನಲ್ಲಿ ಒಂದು ಬೊಟ್ಟು. ಕೆನ್ನೆಯ ಬೊಟ್ಟು ಕೂಸಿನ ಕೈಗೆ ಸಿಗುತ್ತದೆ, ಅಂಗಾಲಿನದು ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಮನೆಯಲ್ಲೇ ಕಾಡಿಗೆ ಮಾಡುವವರಿಗೆ

ಹರಳೆಣ್ಣೆ ದೀಪದ ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿ ಮಸಿ ಹಿಡಿಯುವ ಪದ್ಧತಿ ಮೈಸೂರು–ಮಂಡ್ಯ ಕಡೆಯ ಹಳ್ಳಿಗಳಲ್ಲಿ ಇನ್ನೂ ಇದೆ. ಹೊನಗೊನ್ನೆ ಸೊಪ್ಪಿನ ರಸದಲ್ಲಿ ಅದ್ದಿ ನೆರಳಲ್ಲಿ ಒಣಗಿಸಿದ ಬಟ್ಟೆಯ ಬತ್ತಿ ಹಾಕುವವರೂ ಇದ್ದಾರೆ. ಸುರ್ಮಾದಷ್ಟು ಸೀಸದ ಭಯ ಇದರಲ್ಲಿಲ್ಲ, ನಿಜ. ಆದರೆ ಮನೆಯಲ್ಲಿ ಮಾಡಿದ್ದು ಎಂದ ಮಾತ್ರಕ್ಕೆ ಬ್ಯಾಕ್ಟೀರಿಯಾ ದೂರ ಇರುವುದಿಲ್ಲ, ಸಂರಕ್ಷಕವಿಲ್ಲದ್ದರಿಂದ ಇನ್ನೂ ಹತ್ತಿರ ಬರುತ್ತದೆ. ಕಣ್ಣಿನ ವೈದ್ಯರು ಇದನ್ನು ಶಿಫಾರಸು ಮಾಡುವುದಿಲ್ಲ. ಮಾಡಿಯೇ ತೀರುವವರು ಇಷ್ಟಾದರೂ ಪಾಲಿಸಬಹುದು.

ಮಸಿ ಕಲಸಲು ಬೆಣ್ಣೆ ಬೇಡ. ಬೆಣ್ಣೆಯಲ್ಲಿ ನೀರೂ ಮಜ್ಜಿಗೆಯ ಅಂಶವೂ ಉಳಿದಿರುತ್ತವೆ, ವಾರದೊಳಗೆ ಕಮಟು ಹಿಡಿದು ಬೂಸ್ಟು ಬರುತ್ತದೆ. ನೀರಿನಂಶವಿಲ್ಲದ ಹರಳೆಣ್ಣೆಯನ್ನು ಬಿಸಿ ಮಾಡಿ ಆರಿಸಿ ಹನಿಹನಿಯಾಗಿ ಬೆರೆಸಿ. ಪಚ್ಚಕರ್ಪೂರ ಹಾಕಬೇಡಿ. ತಂಪು ಎನ್ನಿಸುವುದು ನಿಜವಾಗಿ ಉರಿಯ ಇನ್ನೊಂದು ರೂಪ, ಕಣ್ಣು ನೀರು ಸುರಿಸುವುದು ಅದಕ್ಕೇ. ಡಬ್ಬಿಯನ್ನು 10 ನಿಮಿಷ ನೀರಿನಲ್ಲಿ ಕುದಿಸಿ, ಪೂರ್ತಿ ಒಣಗಿದ ಮೇಲೆ ತುಂಬಿ. ಒಂದು ತಿಂಗಳಿಗಾಗುವಷ್ಟೇ ಮಾಡಿ. ಒಬ್ಬರಿಗೆ ಒಂದು ಡಬ್ಬಿ. ತಾಯಿ, ಮಗಳು, ಅತ್ತೆ ಮೂವರ ಬೆರಳೂ ಒಂದೇ ಡಬ್ಬಿಗೆ ಇಳಿದರೆ ಒಬ್ಬರ ಕುರು ಮೂವರಿಗೂ ಹಂಚಿಕೆಯಾಗುತ್ತದೆ. ಬೆರಳಿನ ಬದಲು ಇಯರ್ ಬಡ್ ಬಳಸಿ, ಒಂದು ಕಣ್ಣಿಗೆ ಒಂದು.

ಹಚ್ಚುವ ಕ್ರಮ

ಸೋಪು ಹಾಕಿ 20 ಸೆಕೆಂಡು ಕೈ ತೊಳೆಯಿರಿ, ಉಗುರ ಸಂದಿಯೂ ಸೇರಿ. ಸೆರಗಿಗೆ ಒರೆಸಿಕೊಂಡರೆ ತೊಳೆದದ್ದು ವ್ಯರ್ಥ. ಕಾಂಟಾಕ್ಟ್ ಲೆನ್ಸ್ ಹಾಕುವವರು ಲೆನ್ಸ್ ಮೊದಲು, ಮೇಕಪ್ ಆಮೇಲೆ. ರಾತ್ರಿಯೂ ಲೆನ್ಸ್ ಮೊದಲು ತೆಗೆದು ನಂತರ ಮೇಕಪ್ ತೆಗೆಯಬೇಕು. ಕ್ರಮ ತಪ್ಪಿದರೆ ಕಪ್ಪು ಪುಡಿಯೂ ಎಣ್ಣೆಯೂ ಲೆನ್ಸಿಗೆ ಅಂಟಿ ಇಡೀ ದಿನ ಕಣ್ಣುಗುಡ್ಡೆಗೆ ಉಜ್ಜುತ್ತವೆ.

ಪೆನ್ಸಿಲ್ ತುದಿಯನ್ನು ಒಂದು ಸುತ್ತು ಹೆರೆಯಿರಿ, ಮರದ ಚೂರು ಅಂಟಿದ್ದರೆ ಟಿಶ್ಯೂವಿನಿಂದ ಒರೆಸಿ. ತಿರುಗಿಸುವ ಕಾಡಿಗೆಯಾದರೆ ತುದಿಯನ್ನು ಟಿಶ್ಯೂವಿನಲ್ಲಿ ಒತ್ತಿ ಒರೆಸಿ ಮೇಲಿನ ಪದರ ತೆಗೆಯಿರಿ. ಮೆಂಡರಿನ ಬ್ಲೇಡನ್ನು ವಾರಕ್ಕೊಮ್ಮೆ ಸ್ಪಿರಿಟ್ ಹತ್ತಿಯಿಂದ ಒರೆಸಿ ಒಣಗಿಸಬೇಕು. ಮಕ್ಕಳ ಜಾಮಿಟ್ರಿ ಬಾಕ್ಸಿನ ಮೆಂಡರ್ ಇದಕ್ಕೆ ಬೇಡ.

ಈಗ ಗೆರೆ. ಮೇಲ್ರೆಪ್ಪೆಗೆ ಕೂದಲ ಬುಡದ ಮೇಲ್ಬದಿಯ ಚರ್ಮದ ಮೇಲೆ. ಕೆಳರೆಪ್ಪೆಗೆ ಕೂದಲ ಸಾಲಿನ ಕೆಳಗೆ. ಒಳಗಿನ ತೇವದ ಅಂಚು ಖಾಲಿ ಇರಲಿ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಮಿನುಗುವ ಪೆನ್ಸಿಲ್‌ನಿಂದ ಇದನ್ನೇ ಪರೀಕ್ಷಿಸಿದ್ದರು. ಒಳಗೆ ಹಚ್ಚಿದಾಗ 5 ನಿಮಿಷದಲ್ಲೇ, ಹೊರಗೆ ಹಚ್ಚಿದ್ದಕ್ಕಿಂತ ಶೇ. 15ರಿಂದ 30ರಷ್ಟು ಹೆಚ್ಚು ಕಣಗಳು ಕಣ್ಣೀರಿಗೆ ಸೇರಿದ್ದವು.

ಒಳಗೆ ಹಚ್ಚದಿದ್ದರೆ ಕಾಡಿಗೆ ಹಚ್ಚಿದಂತೆಯೇ ಅಲ್ಲ ಎನ್ನುವವರು ಬಹಳ. ಭರತನಾಟ್ಯದ ಹುಡುಗಿಯರಿಗಂತೂ ಅದು ಬಿಡಲಾಗದ್ದು. ಹಾಗಿದ್ದರೆ ಒಳಗೆರೆಯನ್ನು ಕಾರ್ಯಕ್ರಮದ ದಿನಕ್ಕೆ ಮೀಸಲಿಡಿ, ಆಗತಾನೇ ಹೆರೆದ ತುದಿಯಿಂದ ಎಳೆಯಿರಿ, ವೇದಿಕೆ ಇಳಿದ ಒಂದು ಗಂಟೆಯೊಳಗೆ ತೆಗೆಯಿರಿ. ಆ ದಿನ ಲೆನ್ಸ್ ಬೇಡ. ದಿನವೂ ಕಾಲೇಜಿಗೆ ಹೋಗುವಾಗ ಹೊರಗೆರೆಯೇ ಸಾಕು, ಮೂರಡಿ ದೂರದಿಂದ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮಸ್ಕರಾ ಬ್ರಷ್ಷನ್ನು ಬುಡದಿಂದ ಒಂದು ಮಿಲಿಮೀಟರ್ ಬಿಟ್ಟು ತುದಿಯ ಕಡೆಗೆ. ಕೂದಲು ಅಂಟಿಕೊಂಡರೆ ಬಿಡಿಸಲು ಸೇಫ್ಟಿ ಪಿನ್ ಎತ್ತಿಕೊಳ್ಳುವವರಿದ್ದಾರೆ. ಕೈ ಸ್ವಲ್ಪ ಜಾರಿದರೆ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಗೀರುತ್ತದೆ. ಮಸ್ಕರಾದಲ್ಲಿ ಸೂಡೊಮೊನಾಸ್ ಬ್ಯಾಕ್ಟೀರಿಯಾ ಇದ್ದು ಅದು ಆ ಗೀರಿಗೆ ಸೇರಿದರೆ ಒಂದೆರಡು ದಿನದಲ್ಲೇ ಕಣ್ಣಿನಲ್ಲಿ ಹುಣ್ಣಾಗಿ ದೃಷ್ಟಿಗೇ ಸಂಚಕಾರ. ಸಣ್ಣ ಪ್ಲಾಸ್ಟಿಕ್ ಹಣಿಗೆಯೋ ತೊಳೆದೊಣಗಿಸಿದ ಹಳೆಯ ಮಸ್ಕರಾ ಬ್ರಷ್ಷೋ ಆ ಕೆಲಸಕ್ಕೆ ಸಾಕು. ಇದೇ ಕಾರಣಕ್ಕೆ ಮೈಸೂರು–ಮಂಡ್ಯ ಬಸ್ಸಿನಲ್ಲಿ ಕೂತು ಕಾಡಿಗೆ ಎಳೆಯುವುದೂ ಬೇಡ. ಹಂಪ್ ಎಲ್ಲಿದೆಯೆಂದು ಡ್ರೈವರ್ ನಿಮಗೆ ಹೇಳಿ ಬ್ರೇಕ್ ಹಾಕುವುದಿಲ್ಲ.

ಬಿಳಿ ಹುಬ್ಬು, ರೆಪ್ಪೆಗೂದಲಿಗೆ ತಲೆಗೆ ಹಚ್ಚುವ ಡೈ ಸೋಕಿಸಬಾರದು. ಅದರಲ್ಲಿರುವ ಪ್ಯಾರಾಫಿನೈಲಿನ್‌ಡೈಅಮೀನ್ ರೆಪ್ಪೆಯನ್ನು ಸುಡುತ್ತದೆ. 1933ರಲ್ಲಿ ಅಮೆರಿಕದಲ್ಲಿ ಇಂಥದ್ದೇ ರೆಪ್ಪೆಗೂದಲ ಬಣ್ಣ ಬಳಸಿದ ಮಹಿಳೆ ಕಣ್ಣು ಕಳೆದುಕೊಂಡಿದ್ದರು. ಅಲ್ಲಿ ಸೌಂದರ್ಯವರ್ಧಕಗಳನ್ನೂ ಕಾನೂನಿನಡಿ ತಂದ 1938ರ ಕಾಯ್ದೆಗೆ ಆ ಪ್ರಕರಣವೂ ಒಂದು ಕಾರಣ. ಕಪ್ಪು ಮೆಹಂದಿ ಎಂದು ಮಾರುವ ಪುಡಿಗಳಲ್ಲೂ ಹಲವು ಸಲ ಅದೇ ರಾಸಾಯನಿಕ ಇರುತ್ತದೆ.

ರಾತ್ರಿಯ ಕೆಲಸ

ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ಇಲ್ಲೇ. ಮುಖ ತೊಳೆದೆವಲ್ಲ ಎಂದುಕೊಳ್ಳುತ್ತಾರೆ, ಬೆಳಿಗ್ಗೆ ದಿಂಬಿನ ಕವರಿನ ಮೇಲೆ ಕಪ್ಪು ಕಲೆ. ವಾಟರ್‌ಪ್ರೂಫ್ ಎಂಬ ಹೆಸರೇ ಹೇಳುವಂತೆ ಅದು ನೀರಿಗೆ ಹೋಗುವುದಿಲ್ಲ. 2018ರಲ್ಲಿ ಆಸ್ಟ್ರೇಲಿಯಾದಿಂದ ಒಂದು ವರದಿ ಬಂದಿತ್ತು: 25 ವರ್ಷ ದಟ್ಟವಾಗಿ ಮಸ್ಕರಾ ಹಚ್ಚಿ ಸರಿಯಾಗಿ ತೆಗೆಯದಿದ್ದ 50ರ ಮಹಿಳೆಯೊಬ್ಬರ ರೆಪ್ಪೆ ಮಗುಚಿ ನೋಡಿದಾಗ ಒಳಗೆಲ್ಲ ಕಪ್ಪು ಹರಳುಗಳು ಹೂತುಕೊಂಡಿದ್ದವು.

1. ಕೈ ತೊಳೆದು ಲೆನ್ಸ್ ತೆಗೆಯಿರಿ. ಎರಡು ಹತ್ತಿ ಪ್ಯಾಡ್, ಎರಡು ಇಯರ್ ಬಡ್ ಎದುರಿಗೆ ಇಟ್ಟುಕೊಳ್ಳಿ. ಒಂದು ಕಣ್ಣಿನದು ಇನ್ನೊಂದಕ್ಕೆ ಮುಟ್ಟಬಾರದು.

2. ಪ್ಯಾಡಿಗೆ ರಿಮೂವರ್ ಹಾಕಿ, ಮುಚ್ಚಿದ ಕಣ್ಣಿನ ಮೇಲೆ 30 ಸೆಕೆಂಡು ಸುಮ್ಮನೆ ಇಡಿ. ಉಜ್ಜುವ ಮೊದಲು ಕರಗಲು ಸಮಯ ಕೊಡುವುದೇ ಇದರ ಗುಟ್ಟು. ಸಾದಾ ಕಾಡಿಗೆಗೆ ಮೈಸೆಲ್ಲಾರ್ ನೀರು (ಮೇಕಪ್ ತೆಗೆಯಲೆಂದೇ ಸಿಗುವ ನೀರಿನಂಥ ದ್ರವ) ಸಾಕು, ವಾಟರ್‌ಪ್ರೂಫ್ ಆದರೆ ಎಣ್ಣೆಯಂಶದ ರಿಮೂವರ್ ಬೇಕು.

3. ಮೇಲಿನಿಂದ ಕೆಳಕ್ಕೆ, ಕೂದಲು ಬೆಳೆದ ದಿಕ್ಕಿನಲ್ಲೇ ಒರೆಸಿ. ಪ್ಯಾಡನ್ನು ಮಡಚಿ ಶುಭ್ರ ಬದಿಯಿಂದ ಮತ್ತೊಮ್ಮೆ.

4. ಕೆಳಗೆ ನೋಡುತ್ತ, ಮೇಲ್ರೆಪ್ಪೆಯನ್ನು ಬೆರಳಿನಿಂದ ತುಸು ಮೇಲಕ್ಕೆ ಹಿಡಿದು, ಒದ್ದೆ ಇಯರ್ ಬಡ್ಡನ್ನು ಕೂದಲ ಬುಡದುದ್ದಕ್ಕೂ ಉರುಳಿಸಿ. ಆಮೇಲೆ ಮೇಲೆ ನೋಡುತ್ತ ಕೆಳರೆಪ್ಪೆಗೂ ಹಾಗೆಯೇ. ಕಣ್ಣುಗುಡ್ಡೆಗೆ ತಾಗಿಸಬೇಡಿ.

5. ಉಗುರುಬೆಚ್ಚಗಿನ ನೀರಿನಲ್ಲಿ ಸೌಮ್ಯವಾದ ಫೇಸ್‌ವಾಶ್‌ನಿಂದ ಮುಖ ತೊಳೆದು, ನಿಮ್ಮದೇ ಟವೆಲ್ಲಿನಿಂದ ಒತ್ತಿ ಒಣಗಿಸಿ.

ರಿಮೂವರ್ ಬದಲು ಕೊಬ್ಬರಿ ಎಣ್ಣೆ ಬಳಸಬಹುದೇ? ಮೇಕಪ್ಪೇನೋ ಕರಗುತ್ತದೆ. ಆದರೆ ಮನೆಮಂದಿಯೆಲ್ಲ ತಲೆಗೆ ಸುರಿದುಕೊಳ್ಳುವ ಬಾಟಲಿಯಿಂದ ಬೇಡ, ಕಣ್ಣಿಗೆಂದೇ ಸಣ್ಣ ಬಾಟಲಿ ಬೇರೆ ಇಡಿ. ನಾಲ್ಕೈದು ಹನಿ ಸಾಕು. ಒರೆಸಿದ ಮೇಲೆ ತೊಳೆಯದೆ ಮಲಗಿದರೆ ಆ ಎಣ್ಣೆಯೇ ಗ್ರಂಥಿಗಳ ಬಾಯಿಗೆ ಕೂರುತ್ತದೆ. ರೆಪ್ಪೆಗೂದಲ ಎಕ್ಸ್‌ಟೆನ್ಷನ್ ಹಾಕಿಸಿದವರು ಎಣ್ಣೆ ಮುಟ್ಟಿಸಿದರೆ ಅಂಟು ಸಡಿಲವಾಗುತ್ತದೆ. ಹಾಗೆಂದು ಒರೆಸದೇ ಬಿಟ್ಟು ಬುಡದಲ್ಲಿ ಕೊಳೆ ಕಟ್ಟಿಸಿಕೊಳ್ಳುವವರೇ ಹೆಚ್ಚು. ಎಣ್ಣೆರಹಿತ ಫೋಮ್ ಕ್ಲೆನ್ಸರ್ ಬೇಕು.

ರೆಪ್ಪೆಯಲ್ಲಿ ಹೊಟ್ಟು ಏಳುವವರು, ತಲೆಯಲ್ಲೂ ಹೊಟ್ಟಿರುವವರು, ಆಗಾಗ ಕುರು ಬರುವವರು ವಾರದಲ್ಲಿ ಎರಡು ಮೂರು ದಿನ ಅಂಚನ್ನು ಹೀಗೆ ತೊಳೆಯಬಹುದು: ಕುದಿಸಿ ಆರಿಸಿದ ಬೆಚ್ಚಗಿನ ನೀರು ಕಾಲು ಲೋಟ, ಸುಮಾರು 50 ಮಿ.ಲೀ. ಅದಕ್ಕೆ ಬೇಬಿ ಶಾಂಪೂ 2–3 ಹನಿ. ಹತ್ತಿ ಅದ್ದಿ ಹಿಂಡಿ, ಮುಚ್ಚಿದ ಕಣ್ಣಿನ ಕೂದಲ ಬುಡದ ಮೇಲೆ ಅಡ್ಡಕ್ಕೆ ಹತ್ತು ಹನ್ನೆರಡು ಸಲ ಹಗುರಾಗಿ ಆಡಿಸಿ, ಬರೀ ನೀರಿನಿಂದ ತೊಳೆಯಿರಿ. ಉಳಿದದ್ದನ್ನು ಚೆಲ್ಲಿ, ನಾಳೆಗೆ ಎತ್ತಿಡಬೇಡಿ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ರೆಪ್ಪೆಯ ವೈಪ್ ಇನ್ನೂ ಅನುಕೂಲ, ಶಾಂಪೂವಿಗೆ ಉರಿ ಎನ್ನಿಸುವವರು ಅದನ್ನೇ ಬಳಸಲಿ.

ಕೂದಲ ಬುಡಕ್ಕೆ ಕೊಳವೆ ತೊಡಿಸಿದಂತೆ ಪಾರದರ್ಶಕ ಹೊಟ್ಟು ಸುತ್ತಿಕೊಂಡಿದ್ದರೆ ಅದು ಡೆಮೋಡೆಕ್ಸ್ ಎಂಬ ನುಸಿಯ ಗುರುತು. ಉದ್ದ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು, ಬರಿಗಣ್ಣಿಗೆ ಕಾಣುವುದಿಲ್ಲ. ಟೀ ಟ್ರೀ ಎಣ್ಣೆ ಹಚ್ಚಿ ಎನ್ನುವ ವಿಡಿಯೊಗಳು ಬಹಳ ಓಡಾಡುತ್ತವೆ. ತೆಳು ಮಾಡದ ಆ ಎಣ್ಣೆ ಕಾರ್ನಿಯಾವನ್ನು ಸುಡುತ್ತದೆ. ಅದರ ಚಿಕಿತ್ಸೆ ವೈದ್ಯರ ಕೈಯಲ್ಲಿರಲಿ.

ಬ್ರಷ್‌ಗಳನ್ನು ವಾರಕ್ಕೊಮ್ಮೆ ಬೇಬಿ ಶಾಂಪೂವಿನಲ್ಲಿ ತೊಳೆಯುವಾಗ ಕೂದಲು ಕೆಳಮುಖವಾಗಿರಲಿ. ಮೇಲ್ಮುಖವಾಗಿ ಹಿಡಿದರೆ ನೀರು ಹಿಡಿಯೊಳಗೆ ಇಳಿದು ಅಂಟು ಬಿಡುತ್ತದೆ, ಒಳಗೇ ತೇವ ಉಳಿಯುತ್ತದೆ. ಮಲಗಿಸಿ ಒಣಗಿಸಿ.

ಪಾರ್ಲರ್, ಮದುವೆ ಮಂಟಪ, ನಾಟಕದ ಬಣ್ಣದ ಮನೆ

ಹುಬ್ಬು ಥ್ರೆಡಿಂಗ್ ಮಾಡುವಾಗ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವುದು ವಾಡಿಕೆ. ಎಂಜಲು ದಾರದುದ್ದಕ್ಕೂ ಇಳಿದು, ಆಗಷ್ಟೇ ಕೂದಲು ಕಿತ್ತ ರಂಧ್ರಗಳಿಗೆ ಸೇರುತ್ತದೆ. "ಅಕ್ಕಾ, ದಾರ ಕತ್ತಿಗೆ ಕಟ್ಟಿಕೊಂಡು ಮಾಡಿ, ಹೊಸ ದಾರ ತಗೊಳ್ಳಿ" ಎಂದು ಕೇಳಲು ಸಂಕೋಚ ಬೇಡ. ಹಾಗೆ ಮಾಡಲು ಬರುವವರು ಈಗ ಬಹಳ ಮಂದಿ ಇದ್ದಾರೆ. ಮುಗಿದ ಮೇಲೆ ಅರ್ಧ ದಿನ ಅಲ್ಲಿಗೆ ಮೇಕಪ್ ಹಚ್ಚಬೇಡಿ.

ಮುಹೂರ್ತ ಬೆಳಗಿನ ಜಾವವಿದ್ದರೆ ಮದುವಣಗಿತ್ತಿಯ ಮೇಕಪ್ ನಸುಕಿನ ಮೂರು ನಾಲ್ಕು ಗಂಟೆಗೇ ಶುರು, ತೆಗೆಯುವುದು ಮದುವೆ ಊಟವೆಲ್ಲ ಮುಗಿದು ಸಂಜೆಯಾದ ಮೇಲೆ. ಹನ್ನೆರಡು ಹದಿನಾಲ್ಕು ಗಂಟೆ, ಮಧ್ಯೆ ಹೋಮದ ಹೊಗೆ, ಕಣ್ಣೀರು. ಆರ್ಟಿಸ್ಟ್ ಹತ್ತಿರ ಮೊದಲೇ ಮೂರು ವಿಷಯ ಮಾತಾಡಿಕೊಳ್ಳಿ: ಮಸ್ಕರಾಗೆ ಒಮ್ಮೆ ಬಳಸಿ ಬಿಸಾಡುವ ಬ್ರಷ್, ಜೆಲ್ ಲೈನರನ್ನು ಡಬ್ಬಿಯಿಂದ ಶುಭ್ರ ಕಡ್ಡಿಯಲ್ಲಿ ತಟ್ಟೆಗೆ ತೆಗೆದುಕೊಂಡು ಹಚ್ಚುವುದು, ಕಾಡಿಗೆ ನಿಮ್ಮದೇ ಹೊಸ ಪೆನ್ಸಿಲ್. ಕೃತಕ ರೆಪ್ಪೆಯ ಅಂಟನ್ನು ಎರಡು ದಿನ ಮುಂಚೆ ಮೊಣಕೈಯ ಒಳಮಡಿಕೆಗೆ ಒಂದು ಚುಕ್ಕೆ ಹಚ್ಚಿ 48 ಗಂಟೆ ನೋಡಿ. ಅಲರ್ಜಿ ಗೊತ್ತಾಗುವುದಾದರೆ ಅಲ್ಲಿ ಗೊತ್ತಾಗಲಿ, ಧಾರೆಯ ಹೊತ್ತಿಗೆ ರೆಪ್ಪೆ ಊದಿಕೊಂಡಲ್ಲ. ಕಣ್ಣೀರು ಬಂದರೆ ಟಿಶ್ಯೂವಿನ ಮೂಲೆಯಿಂದ ಒತ್ತಿ ತೆಗೆಯಿರಿ. ಪಕ್ಕದಲ್ಲಿ ನಿಂತ ಚಿಕ್ಕಮ್ಮನ ಕರ್ಚೀಫು ಬೇಡ.

ಮಂಡ್ಯ ಸೀಮೆಯ ಪೌರಾಣಿಕ ನಾಟಕಗಳ ಮಾತು ಬೇರೆ. ರಾತ್ರಿಯಿಡೀ ಆಟ, ಇಪ್ಪತ್ತು ಮಂದಿ ಪಾತ್ರಧಾರಿಗಳು, ಬಣ್ಣ ಹಚ್ಚುವವರು ಒಬ್ಬರೋ ಇಬ್ಬರೋ. ಶಕುನಿಯ ಕಣ್ಣಿಗೆ ಅದ್ದಿದ ಬ್ರಷ್ಷೇ ಭೀಮನಿಗೂ ದ್ರೌಪದಿಗೂ. ಒಬ್ಬ ಪಾತ್ರಧಾರಿಗೆ ಮದ್ರಾಸ್ ಐ ಇದ್ದರೆ ಇಡೀ ಮೇಳಕ್ಕೆ ಹಬ್ಬುತ್ತದೆ, ಏಕೆಂದರೆ ಅದಕ್ಕೆ ಹೆಚ್ಚಾಗಿ ಕಾರಣವಾಗುವ ಅಡಿನೋವೈರಸ್ ಒಣ ವಸ್ತುಗಳ ಮೇಲೂ ವಾರಗಟ್ಟಲೆ ಬದುಕಿರುತ್ತದೆ. 2023ರ ಮಳೆಗಾಲದಲ್ಲಿ ರಾಜ್ಯದಲ್ಲೆಲ್ಲ ಅದು ಹರಡಿದ್ದು ಇನ್ನೂ ನೆನಪಿರಬಹುದು. ಪರಿಹಾರಕ್ಕೆ ದೊಡ್ಡ ಖರ್ಚಿಲ್ಲ. ಇಯರ್ ಬಡ್ಸ್ ಒಂದು ಪ್ಯಾಕೆಟ್, ಕಾಗದದ ತಟ್ಟೆ ಪಾತ್ರಧಾರಿಗೊಂದು. ದೊಡ್ಡ ಡಬ್ಬಿಯಿಂದ ಚಮಚದಲ್ಲಿ ಕಡಲೆ ಕಾಳಿನಷ್ಟು ಕಪ್ಪು ತಟ್ಟೆಗೆ ಹಾಕಿ, ಅಲ್ಲಿಂದ ಬಡ್‌ನಲ್ಲಿ ಹಚ್ಚಿ, ತಟ್ಟೆ ಬಡ್ಡು ಎರಡನ್ನೂ ಎಸೆಯಿರಿ. ಮುಟ್ಟಿದ ಬಡ್ಡು ಡಬ್ಬಿಗೆ ಮರಳಬಾರದು, ಅಷ್ಟೇ ನಿಯಮ. ಕಣ್ಣು ಕೆಂಪಾದವರಿಗೆ ಕಣ್ಣಿನ ಸುತ್ತ ಅಂದು ಬಣ್ಣವಿಲ್ಲ. ದುರ್ಯೋಧನನೇ ಆಗಿದ್ದರೂ ಸರಿ.

ಕುರು ಎದ್ದರೆ

ಮೊದಲ ದಿನವೇ ಎಲ್ಲ ಕಣ್ಣಿನ ಮೇಕಪ್ ನಿಲ್ಲಿಸಿ. ಲೆನ್ಸ್ ಬಿಟ್ಟು ಕನ್ನಡಕ ಹಾಕಿ. ಆ ಕಣ್ಣು ಮುಟ್ಟಿದ ಕಾಡಿಗೆ, ಮಸ್ಕರಾ, ಲೈನರ್ ಮೂರನ್ನೂ ಎಸೆಯಿರಿ. ವಾಸಿಯಾದ ಮೇಲೆ ಅದನ್ನೇ ಮತ್ತೆ ಹಚ್ಚಿ "ಇದೇನು ಪದೇ ಪದೇ ಬರುತ್ತಪ್ಪಾ" ಎನ್ನುವವರೇ ಹೆಚ್ಚು.

ಮುಖ್ಯ ಚಿಕಿತ್ಸೆ ಶಾಖ. ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯನ್ನು ಬಿಸಿನೀರಿನಲ್ಲಿಟ್ಟು ಕರಗಿಸುತ್ತೇವಲ್ಲ, ರೆಪ್ಪೆಯೊಳಗೆ ಗಟ್ಟಿಯಾದ ಎಣ್ಣೆಗೂ ಅದೇ ಲೆಕ್ಕ. ಕರಗಲು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ ಕೆಲವು ನಿಮಿಷ ಒಂದೇ ಸಮನೆ ಸಿಗಬೇಕು. ಬಟ್ಟೆ ಅದ್ದಿ ಒಂದು ಸಲ ಒತ್ತಿಕೊಂಡರೆ ಎರಡು ನಿಮಿಷಕ್ಕೇ ಆರಿಹೋಗುತ್ತದೆ, ಏನೂ ಕರಗುವುದಿಲ್ಲ. ಶಾಖ ಕೊಟ್ಟರೂ ಕಡಿಮೆಯಾಗಲಿಲ್ಲ ಎನ್ನುವವರಲ್ಲಿ ಬಹುಪಾಲು ಇದೇ ತಪ್ಪು.

ಎರಡು ಶುಭ್ರ ಬಟ್ಟೆ, ಒಂದು ಪಾತ್ರೆ ಬಿಸಿನೀರು. ಹಿಂಡಿದ ಬಟ್ಟೆಯನ್ನು ಮಣಿಕಟ್ಟಿನ ಒಳಬದಿಗೆ ಇಟ್ಟು ನೋಡಿ: ಹಿತವಾದ ಬಿಸಿ ಇರಬೇಕು, ಚುರುಕ್ ಎನ್ನಬಾರದು. ಮುಚ್ಚಿದ ಕಣ್ಣಿನ ಮೇಲಿಟ್ಟು, ಎರಡು ನಿಮಿಷಕ್ಕೊಮ್ಮೆ ಬಟ್ಟೆ ಬದಲಿಸುತ್ತ 5ರಿಂದ 10 ನಿಮಿಷ. ದಿನಕ್ಕೆ 3–4 ಸಲ. ನಂತರ ತೊಳೆದ ಬೆರಳಿನಿಂದ ಮೇಲ್ರೆಪ್ಪೆಯಾದರೆ ಮೇಲಿನಿಂದ ಕೂದಲಿನ ಕಡೆಗೆ, ಕೆಳರೆಪ್ಪೆಯಾದರೆ ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಸವರಿ. ಬೇರೆಯವರ ಬಟ್ಟೆ ಬೇಡ, ಬಳಸಿದ್ದನ್ನು ಕುದಿಸಿ ಬಿಸಿಲಿಗೆ ಹಾಕಿ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಕುರು ತಾನಾಗಿ ಒಡೆದು ಇಳಿಯುತ್ತದೆ.

ಅಂಗೈಗೆ ಬೆರಳು ತಿಕ್ಕಿ ಕುರುವಿಗೆ ಇಡುವ ಮನೆಮದ್ದಿನಲ್ಲಿ ಶಾಖದ ಆಲೋಚನೆ ಸರಿಯೇ. ಬೆರಳು ಮಾತ್ರ ತಪ್ಪು ಸಾಧನ. ಹಿಂಡುವುದು, ಸೂಜಿಯಿಂದ ಚುಚ್ಚುವುದು, ಆ ಕೂದಲು ಕೀಳುವುದು ಕೂಡದು, ಕೀವು ಹೊರಗೆ ಬರುವ ಬದಲು ಒಳಗಿನ ಅಂಗಾಂಶಕ್ಕೆ ಹರಡಬಹುದು. ನಂದಿಬಟ್ಟಲು ಹೂವಿನ ರಸ, ಜೇನು, ಎದೆಹಾಲು ಕಣ್ಣಿಗೆ ಬಿಡಬೇಡಿ. ಇವಕ್ಕಿಂತ ಅಪಾಯ ಎಂದರೆ ಮನೆಯಲ್ಲಿ ಉಳಿದಿರುವ ಹಳೆಯ ಕಣ್ಣಿನ ಡ್ರಾಪ್ಸ್. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಒಂದೇ ದಿನದಲ್ಲಿ ಕೆಂಪು ಮಾಯವಾಗಿ ಖುಷಿಯಾಗುತ್ತದೆ. ಒಳಗೆ ಶಿಲೀಂಧ್ರದ ಸೋಂಕಿದ್ದರೆ ಅದು ಹುಲುಸಾಗಿ ಬೆಳೆಯುತ್ತದೆ. ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ, ದೃಷ್ಟಿ ಕಸಿಯುವ ಗ್ಲಾಕೋಮಾ ಬರಬಹುದು.

ಇಡೀ ರೆಪ್ಪೆ ಊದಿ ಜ್ವರ ಬಂದರೆ, ಕಣ್ಣು ಹೊರಳಿಸಿದಾಗ ನೋವಾದರೆ, ಗುಡ್ಡೆ ಮುಂದಕ್ಕೆ ಬಂದಂತಿದ್ದರೆ, ಒಂದು ವಸ್ತು ಎರಡಾಗಿಯೋ ಮಂಜಾಗಿಯೋ ಕಂಡರೆ ಶಾಖ ಕೊಡುತ್ತ ಕೂರಬಾರದು. ಸೋಂಕು ಕಣ್ಣಿನ ಗೂಡಿಗೆ ಇಳಿದಿರುವ ಲಕ್ಷಣ ಅದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲೂ ನೇತ್ರ ವಿಭಾಗವಿದೆ. ಪದೇ ಪದೇ ಕುರು ಬರುತ್ತಿದ್ದರೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆ ಇದೆಯೆಂದು ಕೆಲವೊಮ್ಮೆ ಮೊದಲು ಗೊತ್ತಾಗುವುದು ಹೀಗೆ. ನೋವಿಲ್ಲದ ಗಂಟು ನಾಲ್ಕರಿಂದ ಆರು ವಾರ ಕರಗದಿದ್ದರೆ ತೋರಿಸಿ. ವಯಸ್ಸಾದವರಲ್ಲಿ ತೆಗೆಸಿದ ಗಂಟು ಅದೇ ಜಾಗದಲ್ಲಿ ಮತ್ತೆ ಬಂದರೆ, ಅಲ್ಲಿನ ರೆಪ್ಪೆಗೂದಲು ಉದುರಿದ್ದರೆ, ಬಯಾಪ್ಸಿಗೆ (ತೆಗೆದ ತುಣುಕನ್ನು ಪ್ರಯೋಗಾಲಯದಲ್ಲಿ ನೋಡುವ ಪರೀಕ್ಷೆಗೆ) ಕಳಿಸಿ ಎಂದು ನೀವೇ ಕೇಳಿ. ರೆಪ್ಪೆಯ ಎಣ್ಣೆ ಗ್ರಂಥಿಯ ಕ್ಯಾನ್ಸರ್ ಹಲವು ಸಲ ಕೆಲೇಜಿಯನ್ ವೇಷದಲ್ಲಿ ಬರುತ್ತದೆ.

ವೈದ್ಯರ ಬಳಿ ಹೋಗುವಾಗ ಕಣ್ಣಿಗೆ ಏನೂ ಹಚ್ಚಿರಬೇಡಿ, ಕಪ್ಪಿನಡಿ ಅಂಚು ಕಾಣುವುದಿಲ್ಲ. ಬಳಸುತ್ತಿರುವ ಡಬ್ಬಿಗಳು, ಹಾಕಿದ ಡ್ರಾಪ್ಸ್ ಒಂದು ಕವರಿನಲ್ಲಿ ಒಯ್ಯಿರಿ. ಮತ್ತೆ ಮೇಕಪ್ ಶುರು ಮಾಡುವುದು ಕೆಂಪು, ನೋವು, ಪಿಸುರು ಮೂರೂ ನಿಂತು, ಕೊಟ್ಟ ಔಷಧ ಮುಗಿದ ಮೇಲೆ. ಮೊದಲ ವಾರ ಮೇಲ್ರೆಪ್ಪೆಯ ಹೊರಗೆರೆ ಮಾತ್ರ, ಹೊಸ ಪೆನ್ಸಿಲ್‌ನಿಂದ.